ಸ್ಪಾರ್ಟಾದ ಕಾದಂಬರಿ ಬರೆಯುವವರು ಹೆಲಟನಿಂದ ಶುರುಮಾಡಲಿ

(ಓದುಗರ ಬಳಗವೊಂದರಲ್ಲಿ ಐತಿಹಾಸಿಕ ಕಾದಂಬರಿಗಳ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಸಮಯ ಸಾಲದೆ ಅಲ್ಲಿ ಹೇಳದೆ ಬಿಟ್ಟ ಒಂದೆರಡು ಸಂಗತಿ ಇಲ್ಲಿ ಸೇರಿವೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಕಥೆಗೇ ಬರುತ್ತೇನೆ.

ಕ್ರಿ.ಪೂ. 480. ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ದೊಡ್ಡ ದಂಡು ಕಟ್ಟಿಕೊಂಡು ಗ್ರೀಸಿನ ಮೇಲೆ ಬಂದಿದ್ದಾನೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಇಕ್ಕಟ್ಟಾದ ದಾರಿ. ಅದೇ ಥರ್ಮೋಪಿಲೆ. ಸ್ಪಾರ್ಟಾದ ಅರಸ ಲಿಯೋನಿಡಾಸ್ ತನ್ನ 300 ಜನರ ಜೊತೆ ಅಲ್ಲಿ ನಿಂತ ಕಥೆ ನಿಮಗೆಲ್ಲ ಗೊತ್ತು. ಆ 300ರಲ್ಲಿ ಇಬ್ಬರಿಗೆ ವಿಪರೀತ ಕಣ್ಣುಬೇನೆ ಬಂದಿತ್ತು. ಒಬ್ಬ ಯೂರಿಟಸ್, ಇನ್ನೊಬ್ಬ ಅರಿಸ್ಟೊಡೀಮಸ್. ಯುದ್ಧ ಮಾಡುವ ಸ್ಥಿತಿ ಇಲ್ಲ ಅಂತ ಲಿಯೋನಿಡಾಸನೇ ಅವರನ್ನು ಕಳಿಸಿಬಿಟ್ಟಿದ್ದ. ಹತ್ತಿರದ ಆಲ್ಪೆನಿ ಎಂಬ ಊರಲ್ಲಿ ಮಲಗಿದ್ದರು. ಶತ್ರು ಬೆಟ್ಟದ ಕಾಲುದಾರಿ ಹಿಡಿದು ಹಿಂದಿನಿಂದ ಬರುತ್ತಿದ್ದಾನೆ ಎಂಬ ಸುದ್ದಿ ಮುಟ್ಟಿತು. ಯೂರಿಟಸ್ ಎದ್ದ. ಕವಚ ತರಿಸಿ ತೊಟ್ಟುಕೊಂಡ. ಕಣ್ಣು ಕಾಣುವುದಿಲ್ಲ, ಹಾಗಾಗಿ ತನ್ನ ಆಳಿಗೆ ಹೇಳಿದ: ನನ್ನನ್ನು ಯುದ್ಧ ನಡೆಯುವ ಕಡೆ ಕರೆದುಕೊಂಡು ಹೋಗು. ಆಳು ಕರೆದುಕೊಂಡು ಹೋದ. ಕಾದಾಟದ ಅಂಚಿಗೆ ತಂದು ಬಿಟ್ಟ. ಬಿಟ್ಟು ಓಡಿದ. ಯೂರಿಟಸ್ ಗುಂಪಿನೊಳಗೆ ನುಗ್ಗಿ ಸತ್ತ.

ಇದನ್ನು ಹೇಳುವವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಯೂರಿಟಸನ ಹೆಸರು ಹೇಳುತ್ತಾನೆ, ಅರಿಸ್ಟೊಡೀಮಸನ ಹೆಸರು ಹೇಳುತ್ತಾನೆ. ಕೈ ಹಿಡಿದು ನಡೆಸಿದವನ ಹೆಸರು ಹೇಳುವುದಿಲ್ಲ. ಅವನು ಹೆಲಟ್, ಅಂದರೆ ಸ್ಪಾರ್ಟಾದವರ ಜೀತದಾಳು, ಅಷ್ಟೇ. ಓಡಿ ಎಲ್ಲಿಗೆ ಹೋದ ಅಂತಲೂ ಹೇಳುವುದಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಇದನ್ನಿಟ್ಟುಕೊಂಡು ಒಂದು ಕಾದಂಬರಿ ಬರೆಯಬೇಕು. ನಾಯಕ ಯಾರು? ಇಲ್ಲಿಯವರೆಗೆ ಬಂದಿರುವ ಗ್ರೀಕ್ ಯೋಧರ ಕಥೆಗಳಲ್ಲಿ ಹೆಚ್ಚಿನವು ಯೂರಿಟಸನ ಕಡೆ ನಿಲ್ಲುತ್ತವೆ. ನನ್ನ ಓಟು ಆ ಓಡಿದವನಿಗೆ. ಕರುಣೆಯಿಂದ ಹೇಳುತ್ತಿಲ್ಲ. ಸ್ಪಾರ್ಟಾದ ಯೋಧನ ದಿನಚರಿ, ಊಟ, ನಡಿಗೆ, ಭಯ, ಯಾವುದೂ ಹೆಲಟನನ್ನು ಬಿಟ್ಟರೆ ಅರ್ಥವೇ ಆಗುವುದಿಲ್ಲ. ಅವನನ್ನು ತೆಗೆದರೆ ಉಳಿಯುವುದು ಪೋಸ್ಟರ್ ಮಾತ್ರ.

ಹೆಲಟರು ಅಂದರೆ ಯಾರು? ಸ್ಪಾರ್ಟಾ ಇರುವುದು ಲಕೋನಿಯ ಎಂಬ ಪ್ರಾಂತ್ಯದಲ್ಲಿ, ಯೂರೊಟಾಸ್ ನದಿಯ ದಡದಲ್ಲಿ. ಅದರ ಪಶ್ಚಿಮಕ್ಕೆ ಟೈಗೆಟಸ್ ಬೆಟ್ಟಸಾಲು. ಬೆಟ್ಟ ದಾಟಿದರೆ ಮೆಸ್ಸೀನಿಯ, ತುಂಬಾ ಒಳ್ಳೆಯ ಭೂಮಿ. ಸ್ಪಾರ್ಟಾದವರು ಅದನ್ನು ಗೆದ್ದರು. ಗೆದ್ದು ಅಲ್ಲಿನ ಜನರನ್ನು ಅವರದೇ ಹೊಲದಲ್ಲಿ ಜೀತಕ್ಕಿಟ್ಟರು. ಲಕೋನಿಯದಲ್ಲೂ ಇಂಥವರಿದ್ದರು. ಸ್ಪಾರ್ಟಾದ ಕವಿ ಟಿರ್ಟಿಯಸ್ ಮೆಸ್ಸೀನಿಯದವರನ್ನು ಭಾರ ಹೊತ್ತು ಬಳಲಿದ ಕತ್ತೆಗಳಿಗೆ ಹೋಲಿಸಿ ಹಾಡಿದ್ದಾನೆ. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ ಕೊಡಬೇಕಿತ್ತು. ಗಮನಿಸಿ, ಇದು ಮರುಕದ ಹಾಡಲ್ಲ. ಗೆದ್ದವರ ಹಾಡು.

ಈ ವ್ಯವಸ್ಥೆಯಿಂದ ಸ್ಪಾರ್ಟಾದ ಗಂಡಸಿಗೆ ಉಳುವ ಕೆಲಸವಿಲ್ಲ, ಕುಲುಮೆ ಕೆಲಸವಿಲ್ಲ, ಅಂಗಡಿ ಇಡುವ ಗೋಜಿಲ್ಲ. ಇಡೀ ಬದುಕು ತಾಲೀಮಿಗೆ. ಏಳನೇ ವಯಸ್ಸಿಗೆ ಮನೆ ಬಿಡಿಸಿ ಹುಡುಗರ ತಂಡಕ್ಕೆ ಸೇರಿಸುತ್ತಿದ್ದರು. ವರ್ಷಕ್ಕೆ ಒಂದೇ ಹೊದಿಕೆ. ಯೂರೊಟಾಸ್ ದಡದ ಜೊಂಡನ್ನು ಕೈಯಲ್ಲೇ ಮುರಿದು ತಂದು ಹಾಸಿಗೆ ಮಾಡಿಕೊಳ್ಳಬೇಕು. ಕಥೆಗಳಲ್ಲಿ ಈ ಭಾಗ ಎಷ್ಟು ಬಂದಿದೆ ಅಂದರೆ ನನಗೆ ಸಾಕಾಗಿ ಹೋಗಿದೆ, ಹಾಗಾಗಿ ಬೇಗ ದಾಟುತ್ತೇನೆ. ಒಂದು ಎಚ್ಚರಿಕೆ ಮಾತ್ರ. ಸ್ಪಾರ್ಟಾದ ಹುಡುಗರ ಬಗ್ಗೆ ನಾವು ಕೇಳಿರುವ ರೋಚಕ ವಿವರಗಳಲ್ಲಿ ಬಹಳಷ್ಟು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕನದು. ಅವನು ಹುಟ್ಟಿದ್ದು ಥರ್ಮೋಪಿಲೆ ಆಗಿ ಐನೂರು ವರ್ಷ ಕಳೆದ ಮೇಲೆ. ಇನ್ನೊಬ್ಬ ಲೇಖಕ ಕ್ಸೆನೊಫನ್ ಕಣ್ಣಾರೆ ಕಂಡವನು ನಿಜ, ಆದರೆ ಅವನು ಅಥೆನ್ಸಿನವನು, ಸ್ಪಾರ್ಟಾದ ಅಭಿಮಾನಿ ಬೇರೆ. ಸ್ಪಾರ್ಟಾದವರು ತಮ್ಮ ಬಗ್ಗೆ ತಾವೇ ಬರೆದಿಟ್ಟದ್ದು ತೀರ ಕಡಿಮೆ. ಅವರ ಬಗ್ಗೆ ನಮಗೆ ಸಿಗುವುದೆಲ್ಲ ಹೊರಗಿನವರ ಬೆರಗು, ಇಲ್ಲವೇ ಹೊಟ್ಟೆಕಿಚ್ಚು. ಕಾದಂಬರಿಕಾರರಿಗೆ ಇದು ತೊಡಕೂ ಹೌದು, ಅನುಕೂಲವೂ ಹೌದು.

ಹೊಟ್ಟೆಪಾಡಿಗೆ ಇನ್ನೊಬ್ಬರನ್ನು ಜೀತಕ್ಕಿಟ್ಟುಕೊಂಡವನಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೆ? ಬರುತ್ತಿರಲಿಲ್ಲ. ಈಫರ್ ಎಂಬ ಐವರು ಅಧಿಕಾರಿಗಳು ಪ್ರತಿ ವರ್ಷ ಅಧಿಕಾರ ವಹಿಸಿಕೊಂಡ ಕೂಡಲೇ ಹೆಲಟರ ಮೇಲೆ ಯುದ್ಧ ಸಾರುತ್ತಿದ್ದರು. ಯಾಕೆ ಗೊತ್ತಾ? ಯುದ್ಧ ಸಾರಿದ ಮೇಲೆ ಕೊಂದರೆ ಕೊಲೆಯ ಪಾಪ ತಟ್ಟುವುದಿಲ್ಲ. ಇದು ಅರಿಸ್ಟಾಟಲ್ ಹೇಳಿದ್ದು ಅಂತ ಪ್ಲುಟಾರ್ಕ್ ಬರೆಯುತ್ತಾನೆ. ಕಠಾರಿ ಕೊಟ್ಟು ಹಳ್ಳಿಗಾಡಿಗೆ ಬಿಟ್ಟ ಯುವಕರ ಗುಂಪೂ ಇತ್ತು. ಹಗಲು ಅಡಗಿದ್ದು, ರಾತ್ರಿ ದಾರಿಯಲ್ಲಿ ಸಿಕ್ಕ ಹೆಲಟನನ್ನು ಮುಗಿಸುವುದು ಅವರ ಕೆಲಸ.

ಅಥೆನ್ಸಿನ ಇತಿಹಾಸಕಾರ ಥುಸಿಡಿಡೀಸ್ ಹೇಳುವ ಒಂದು ಸಂಗತಿ ಇನ್ನೂ ಭಯಂಕರ. ಒಮ್ಮೆ ಸ್ಪಾರ್ಟಾ ಸರ್ಕಾರ ಹೆಲಟರಿಗೆ ಹೇಳಿತು: ಯುದ್ಧದಲ್ಲಿ ಚೆನ್ನಾಗಿ ದುಡಿದವರು ಯಾರು ಅಂತ ನೀವೇ ಆರಿಸಿ, ಅವರಿಗೆ ಬಿಡುಗಡೆ ಕೊಡುತ್ತೇವೆ. ಸುಮಾರು 2000 ಜನ ಮುಂದೆ ಬಂದರು. ತಲೆಗೆ ಹೂವಿನ ಹಾರ ಮುಡಿದು ದೇವಸ್ಥಾನಗಳನ್ನೆಲ್ಲ ಸುತ್ತಿ ಬಂದರು. ಕೆಲವೇ ದಿನಗಳಲ್ಲಿ ಅವರೆಲ್ಲ ಕಾಣೆಯಾದರು. ಒಬ್ಬೊಬ್ಬನೂ ಹೇಗೆ ಸತ್ತ ಅಂತ ಯಾರಿಗೂ ತಿಳಿಯಲಿಲ್ಲ. ಮುಂದೆ ಬರುವಷ್ಟು ಧೈರ್ಯ ಇದ್ದವನೇ ನಾಳೆ ದಂಗೆ ಏಳುವವನು ಅನ್ನುವುದು ಸ್ಪಾರ್ಟಾದ ಲೆಕ್ಕ. ಒಂದು ಕಾದಂಬರಿಗೆ ಈ ಒಂದು ವಾರ ಸಾಕು. ಹಾರ ಕಟ್ಟಿಕೊಟ್ಟ ಹೆಂಡತಿ, ತನ್ನ ಹೆಸರು ಯಾರೂ ಹೇಳಲಿಲ್ಲ ಅಂತ ಮುನಿಸಿಕೊಂಡು ಮನೆಯಲ್ಲೇ ಉಳಿದ ತಮ್ಮ. ಇವರಿಬ್ಬರು ನನ್ನ ಕಲ್ಪನೆ. ಉಳಿದದ್ದು ಇತಿಹಾಸ.

ಈಗ ಗುರಾಣಿಗೆ ಬರೋಣ. ಗ್ರೀಕ್ ಪದಾತಿಯ ಗುರಾಣಿ ದುಂಡಗೆ, ಅಗಲ ಸುಮಾರು 90 ಸೆಂಟಿಮೀಟರ್. ಒಳಗೆ ಮರ, ಮೇಲೆ ತೆಳುವಾದ ಕಂಚಿನ ತಗಡು. ಆರೇಳು ಕಿಲೋ ತೂಗುತ್ತದೆ. ಒಳಮಗ್ಗುಲಲ್ಲಿ ನಡುವೆ ಒಂದು ಪಟ್ಟಿ. ಎಡಗೈಯನ್ನು ಮೊಣಕೈವರೆಗೂ ಅದರೊಳಗೆ ತೂರಿಸಬೇಕು. ಅಂಚಿನಲ್ಲಿ ಇನ್ನೊಂದು ಹಿಡಿ, ಅದನ್ನು ಬೆರಳಲ್ಲಿ ಬಿಗಿಹಿಡಿಯಬೇಕು. ಭಾರವೆಲ್ಲ ಮುಂಗೈ ಮೇಲೆ ಮತ್ತು ಎಡ ಹೆಗಲ ಮೇಲೆ. ಹೀಗೆ ಹಿಡಿದಾಗ ಗುರಾಣಿಯ ಎಡ ಅರ್ಧ ನಿಮ್ಮ ಮೈಯಿಂದ ಆಚೆ ಚಾಚಿಕೊಳ್ಳುತ್ತದೆ. ಅದು ಕಾಯುವುದು ನಿಮ್ಮನ್ನಲ್ಲ, ನಿಮ್ಮ ಎಡಗಡೆ ನಿಂತವನನ್ನು. ನಿಮ್ಮ ಬಲಮಗ್ಗುಲು ಬಯಲು. ಅದನ್ನು ಬಲಗಡೆಯವನ ಗುರಾಣಿ ಕಾಯಬೇಕು.

ಇದರ ಪರಿಣಾಮ ಏನು ನೋಡಿ. ಕ್ರಿ.ಪೂ. 418ರ ಮಾಂಟಿನಿಯ ಯುದ್ಧದ ಬಗ್ಗೆ ಬರೆಯುವಾಗ ಥುಸಿಡಿಡೀಸ್ ಹೇಳುತ್ತಾನೆ: ಎಲ್ಲ ಸೈನ್ಯಗಳೂ ಮುಂದೆ ನಡೆಯುತ್ತ ಬಲಕ್ಕೆ ವಾಲುತ್ತವೆ. ಪ್ರತಿಯೊಬ್ಬನೂ ತನ್ನ ಬಯಲು ಮಗ್ಗುಲನ್ನು ಪಕ್ಕದವನ ಗುರಾಣಿಯ ಮರೆಗೆ ಒತ್ತಿಕೊಳ್ಳುತ್ತಾನೆ. ಸಾವಿರಾರು ಜನರ ಭಯ ಸೇರಿ ಇಡೀ ಸಾಲು ಬಲಕ್ಕೆ ಜರುಗುತ್ತದೆ. ಯುದ್ಧದ ದೃಶ್ಯ ಬರೆಯುವವರು ಕತ್ತಿ ಝಳಪಿಸುವುದನ್ನು ಸ್ವಲ್ಪ ಬಿಟ್ಟು ಈ ಜರುಗುವಿಕೆ ಬರೆಯಲಿ. ಕೊರಿಂತ್ ಮಾದರಿಯ ಹೆಲ್ಮೆಟ್ ಹಾಕಿದವನಿಗೆ ಕಿವಿ ಮುಚ್ಚಿರುತ್ತದೆ, ಪಕ್ಕದ ನೋಟವೂ ಇಲ್ಲ. ಎರಡು ಮೀಟರಿಗಿಂತ ಉದ್ದದ ಈಟಿ ಬಲಗೈಯಲ್ಲಿ. ಧೂಳು. ಎಡಭುಜಕ್ಕೆ ಒಬ್ಬ, ಬಲಭುಜಕ್ಕೆ ಒಬ್ಬ. ಸ್ಪಾರ್ಟಾದವರು ಮಾತ್ರ ಓಡುತ್ತಿರಲಿಲ್ಲ, ನಿಧಾನವಾಗಿ ನಡೆಯುತ್ತಿದ್ದರು. ಸಾಲಿನ ನಡುವೆ ಜೋಡಿ ನಳಿಗೆಯ ವಾದ್ಯ ಊದುವವರಿದ್ದರು. ನಮ್ಮ ಓಲಗದ ಹಾಗೆ ಬಾಯಲ್ಲಿ ಪೀಪಿ ಇಟ್ಟು ಊದುವಂಥದ್ದು. ಅದು ದೇವರಿಗಲ್ಲ, ಹೆಜ್ಜೆ ತಪ್ಪದಿರಲಿ ಅಂತ, ಎಂದು ಥುಸಿಡಿಡೀಸ್ ಬಿಡಿಸಿ ಹೇಳುತ್ತಾನೆ.

ಆ ಗುರಾಣಿಗಳಲ್ಲಿ ಒಂದು ಇವತ್ತಿಗೂ ಇದೆ. ಅಥೆನ್ಸಿನ ಹಳೆಯ ಅಗೋರಾದಲ್ಲಿ, ಅಂದರೆ ಪೇಟೆ ಚೌಕದಲ್ಲಿ, 1936ರಲ್ಲಿ ಅಗೆಯುವಾಗ ನೀರಿನ ಹಳೇ ತೊಟ್ಟಿಯೊಂದರಲ್ಲಿ ಸಿಕ್ಕಿತು. ಮರ ಕರಗಿ ಹೋಗಿದೆ, ಕಂಚಿನ ತಗಡು ನಜ್ಜುಗುಜ್ಜಾಗಿ ಉಳಿದಿದೆ. ಪೈಲೋಸ್‌ನಲ್ಲಿ ಸ್ಪಾರ್ಟಾದವರಿಂದ ಅಥೆನ್ಸಿನವರು ಕಿತ್ತುಕೊಂಡದ್ದು ಅಂತ ಅದರ ಮೇಲೆ ಚುಚ್ಚಿ ಬರೆದಿದ್ದಾರೆ. ಅಗೋರಾದ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಪೈಲೋಸ್ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನನಗೆ ಗುರಾಣಿಯ ವಿಚಾರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕ್ರಿಟಿಯಾಸ್ ಎಂಬ ಅಥೆನ್ಸಿನವನು ಹೇಳಿದ ಮಾತು. ಸ್ಪಾರ್ಟಾದವನು ಮನೆಗೆ ಬಂದ ಮೇಲೆ ಗುರಾಣಿಯ ಒಳಪಟ್ಟಿಯನ್ನು ಬಿಚ್ಚಿ ತೆಗೆದಿಡುತ್ತಿದ್ದನಂತೆ. ಪಟ್ಟಿ ಇಲ್ಲದಿದ್ದರೆ ಗುರಾಣಿ ಯಾರ ಕೈಗೂ ನಿಲ್ಲುವುದಿಲ್ಲ. ಮನೆಯಲ್ಲಿರುವ ಹೆಲಟ್ ಯಾವ ಹೊತ್ತಲ್ಲಿ ಅದನ್ನು ಎತ್ತಿಕೊಂಡಾನೋ ಅನ್ನುವ ಅನುಮಾನ. ಯುದ್ಧಕ್ಕೆ ಹೋದಾಗ ಪಟ್ಟಿ ಬಿಚ್ಚಿಡಲು ಆಗುವುದಿಲ್ಲ, ಆಗ ಈಟಿಯನ್ನು ಕೈಯಿಂದ ಬಿಡುತ್ತಿರಲಿಲ್ಲ. ಬಿಡಾರದಲ್ಲಿ ಹಗಲು ಪಹರೆಯವರಲ್ಲಿ ಕೆಲವರು ಆಯುಧಗಳ ಪಕ್ಕದಲ್ಲಿ ನಿಂತು ಒಳಗೆ ಮುಖ ಮಾಡಿರುತ್ತಿದ್ದರು ಅಂತ ಕ್ಸೆನೊಫನ್ ಕೂಡ ಹೇಳುತ್ತಾನೆ. ಅವರು ಕಾಯುತ್ತಿದ್ದದ್ದು ಶತ್ರುವನ್ನಲ್ಲ.

ಇಷ್ಟು ಅನುಮಾನ ಇಟ್ಟುಕೊಂಡೂ ಹೆಲಟರನ್ನು ಯುದ್ಧಕ್ಕೆ ಕರೆದೊಯ್ಯದೆ ಗತಿ ಇರಲಿಲ್ಲ. ಕ್ರಿ.ಪೂ. 479ರ ಪ್ಲಟೀಯ ಯುದ್ಧಕ್ಕೆ 5000 ಸ್ಪಾರ್ಟಾದವರು ಹೋದರು, ಒಬ್ಬೊಬ್ಬನ ಜೊತೆ ಏಳು ಹೆಲಟರು ಎಂದು ಹೆರೊಡೋಟಸ್ ಬರೆಯುತ್ತಾನೆ. ಒಟ್ಟು 35,000. ಸಂಖ್ಯೆ ಸ್ವಲ್ಪ ಆಚೀಚೆ ಇರಬಹುದು, ಇರಲಿ. ಸ್ಪಾರ್ಟಾದಿಂದ ಹೊರಟ ಆ ದಂಡನ್ನು ದಾರಿ ಬದಿಯಲ್ಲಿ ನಿಂತು ನೋಡಿದವರ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಹೆಲಟರೇ, ಅಲ್ವಾ? ಯುದ್ಧ ಮುಗಿದ ಮೇಲೆ ಪರ್ಷಿಯನ್ನರ ಬಿಡಾರದಲ್ಲಿ ಸಿಕ್ಕಿದ್ದನ್ನೆಲ್ಲ ರಾಶಿ ಹಾಕಿ ಅಂತ ಸೇನಾಪತಿ ಪೌಸೇನಿಯಸ್ ಹೆಲಟರಿಗೆ ಹೇಳಿದ. ಚಿನ್ನ ಬೆಳ್ಳಿಯ ಮಂಚ, ಬಟ್ಟಲು, ಕಡಗ. ಹೆಲಟರು ಮುಚ್ಚಿಡಲಾಗದ್ದನ್ನು ತಂದು ಒಪ್ಪಿಸಿದರು. ಮುಚ್ಚಿಡಬಹುದಾದದ್ದನ್ನು ಈಜಿನ ದ್ವೀಪದ ವ್ಯಾಪಾರಿಗಳಿಗೆ ಮಾರಿದರು. ಎಷ್ಟಕ್ಕೆ? ಚಿನ್ನವನ್ನು ಕಂಚಿನ ರೇಟಿಗೆ. ಈಜಿನದವರು ಸಿರಿವಂತರಾದದ್ದೇ ಹೀಗೆ ಅಂತ ಹೆರೊಡೋಟಸ್ ಹೇಳುತ್ತಾನೆ. ಹೆಲಟರಿಗೆ ಚಿನ್ನ ಗೊತ್ತಿರಲಿಲ್ಲ ಅನ್ನುವುದು ಒಂದು ಅರ್ಥ. ನನಗೆ ಹಾಗನ್ನಿಸುವುದಿಲ್ಲ. ಕದ್ದ ಮಾಲು, ಬೆಳಗಾದರೆ ಹೊರಡಬೇಕು, ಕೊಳ್ಳುವವನು ಒಬ್ಬನೇ. ಅವನು ಹೇಳಿದ್ದೇ ರೇಟು. ಇಬ್ಬರ ನಡುವಿನ ಆ ಚೌಕಾಸಿಯನ್ನು ಯಾರಾದರೂ ಬರೆದರೆ ಮೊದಲ ಓದುಗ ನಾನು.

ಊಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಮ್ಮ ಬರಹಗಾರರು ಜಾಸ್ತಿ ಎಡವುತ್ತಾರೆ. ಆಗಿನ ಗ್ರೀಸಿನಲ್ಲಿ ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಮೆಣಸಿನಕಾಯಿ ಇಲ್ಲ, ಮೆಕ್ಕೆಜೋಳ ಇಲ್ಲ. ಇವೆಲ್ಲ ಅಮೆರಿಕದಿಂದ ಎಷ್ಟೋ ಕಾಲದ ಮೇಲೆ ಬಂದವು. ಸಕ್ಕರೆಯೂ ಇಲ್ಲ, ಸಿಹಿಗೆ ಜೇನು. ಬಾರ್ಲಿ ಹಿಟ್ಟು, ವೈನ್, ಚೀಸ್, ಅಂಜೂರ, ಆಲಿವ್, ಈರುಳ್ಳಿ. ಸ್ಪಾರ್ಟಾದ ಗಂಡಸರು ರಾತ್ರಿ ಮನೆಯಲ್ಲಿ ಉಣ್ಣುತ್ತಿರಲಿಲ್ಲ, ಊಟದ ಕೂಟಗಳಿದ್ದವು. ಸುಮಾರು ಹದಿನೈದು ಜನರ ಕೂಟ. ಪ್ರತಿಯೊಬ್ಬನೂ ತಿಂಗಳಿಗೆ ಇಷ್ಟು ಬಾರ್ಲಿ, ಇಷ್ಟು ವೈನ್, ಇಷ್ಟು ಚೀಸ್, ಇಷ್ಟು ಅಂಜೂರ ಅಂತ ತಂದು ಹಾಕಬೇಕು. ಹಾಕಲಾಗದವನು ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದ. ಅಂದರೆ ಯೋಧನ ಮಾನ ನಿಂತಿದ್ದದ್ದು ಈಟಿಯ ಮೇಲಲ್ಲ, ಹೊಲದಿಂದ ಹೆಲಟ್ ತಂದು ಸುರಿಯುವ ಬಾರ್ಲಿಯ ಮೇಲೆ. ಒಂದು ವರ್ಷ ಮಳೆ ಕೈಕೊಟ್ಟರೆ ಒಡೆಯನಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಈ ಭಯವನ್ನು ನಾನು ಯಾವ ಕಥೆಯಲ್ಲೂ ಓದಿಲ್ಲ.

ಅಥೆನ್ಸಿನ ಸೈನಿಕನ ಊಟ ಬೇಕಿದ್ದರೆ ಅರಿಸ್ಟೊಫನೀಸನ ಹಾಸ್ಯ ನಾಟಕಗಳಿವೆ. ಯುದ್ಧಕ್ಕೆ ಹೊರಡುವವನು ಆಳನ್ನು ಕರೆದು ಬುತ್ತಿಗೆ ಹಾಕಿಸುವುದು ಈರುಳ್ಳಿ, ಸೊಪ್ಪಿನ ಪರಿಮಳದ ಉಪ್ಪು, ಅಂಜೂರದ ಎಲೆಯಲ್ಲಿ ಸುತ್ತಿದ ಒಣಮೀನು. ಸೈನಿಕನ ಬುತ್ತಿ ಚೀಲ ಅಂದರೆ ಈರುಳ್ಳಿ ತೇಗಿನ ವಾಸನೆ ಅಂತ ಅವನು ಗೇಲಿ ಮಾಡುತ್ತಾನೆ. ನಗುವುದಕ್ಕೆ ಕಾರಣ ಇದೆ, ಅವನ ಪ್ರೇಕ್ಷಕರಲ್ಲಿ ಬಹಳ ಜನ ಆ ಚೀಲ ಹೊತ್ತವರೇ. ಗ್ರೀಸಿನಲ್ಲಿ ಕವಿಯೂ ಯೋಧನೇ. ನಮ್ಮ ಬಿ.ಎಂ.ಶ್ರೀ. ಅವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ನಾಟಕ ಈಸ್ಕಿಲಸನದು. ಅವನು ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಸ್ವತಃ ಕಾದಿದವನು. ಅವನ ಅಣ್ಣನೋ ತಮ್ಮನೋ ಒಬ್ಬ ಅಲ್ಲೇ ಸತ್ತ, ಶತ್ರುವಿನ ಹಡಗು ಹಿಡಿಯಲು ಹೋಗಿ ಕೈ ಕಡಿಸಿಕೊಂಡು. ಸೋತ ಶತ್ರುವಿನ ತಾಯಿಯನ್ನು ರಂಗದ ಮೇಲೆ ನಿಲ್ಲಿಸಿ ಅಳಿಸಿದ್ದು ಇಂಥ ಮನುಷ್ಯ.

ಅರಿಸ್ಟೊಡೀಮಸ್ ಏನಾದ ಅಂತ ಹೇಳಲಿಲ್ಲ ನಾನು. ಕಣ್ಣುಬೇನೆಯ ಎರಡನೆಯವನು. ಅವನು ಬದುಕಿ ಊರಿಗೆ ಬಂದ. ಯಾರೂ ಅವನ ಒಲೆಗೆ ಬೆಂಕಿ ಕೊಡಲಿಲ್ಲ. ಯಾರೂ ಮಾತಾಡಿಸಲಿಲ್ಲ. ನಡುಗುವವನು ಅಂತ ಹೆಸರು ಬಿತ್ತು. ಇಂಥವರ ಪಾಡು ಏನಾಗುತ್ತಿತ್ತು ಅಂತ ಕ್ಸೆನೊಫನ್ ವಿವರವಾಗಿ ಬರೆಯುತ್ತಾನೆ. ಚೆಂಡಾಟಕ್ಕೆ ತಂಡ ಮಾಡುವಾಗ ಇವನನ್ನು ಯಾವ ಕಡೆಯವರೂ ಸೇರಿಸಿಕೊಳ್ಳುವುದಿಲ್ಲ. ಬೀದಿಯಲ್ಲಿ ಎದುರಾದರೆ ಇವನೇ ದಾರಿ ಬಿಡಬೇಕು. ಚಿಕ್ಕವರು ಬಂದರೂ ಎದ್ದು ಜಾಗ ಕೊಡಬೇಕು. ನಗುನಗುತ್ತ ಓಡಾಡುವ ಹಾಗಿಲ್ಲ. ಮರುವರ್ಷ ಪ್ಲಟೀಯದಲ್ಲಿ ಅರಿಸ್ಟೊಡೀಮಸ್ ಸಾಲು ಬಿಟ್ಟು ಮುಂದೆ ನುಗ್ಗಿ ಹುಚ್ಚನ ಹಾಗೆ ಕಾದಿ ಸತ್ತ. ಎಲ್ಲರಿಗಿಂತ ಶೂರ ಅವನೇ ಅಂತ ಹೆರೊಡೋಟಸ್‌ಗೆ ಅನ್ನಿಸಿತ್ತು. ಸ್ಪಾರ್ಟಾದವರು ಗೌರವ ಕೊಡಲಿಲ್ಲ. ಅವನು ಸಾಯಲೆಂದೇ ಹೋದ, ಸಾಯುವ ಆಸೆ ಇಲ್ಲದೆ ಕಾದಿದವನು ದೊಡ್ಡವನು ಅಂದರು. ಇದು ಕ್ರೂರ ತೀರ್ಮಾನ. ಆದರೂ ಇದರಲ್ಲಿ ಒಂದು ತರ್ಕ ಇದೆ: ಸಾಲು ಬಿಟ್ಟವನ ಗುರಾಣಿ ಎಡಗಡೆಯವನಿಗೆ ಇಲ್ಲವಾಯಿತು.

ಸ್ಪಾರ್ಟಾ ಸಾಕು, ಬೇರೆ ಗ್ರೀಕ್ ಯೋಧರ ಕಥೆ ಬೇಕು ಅನ್ನುವವರಿಗೆ ಒಂದು ದೃಶ್ಯ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್ ಅಣ್ಣನ ಸಿಂಹಾಸನಕ್ಕೆ ಆಸೆಪಟ್ಟು ಹತ್ತು ಸಾವಿರಕ್ಕೂ ಮೀರಿದ ಗ್ರೀಕ್ ಕೂಲಿ ಸೈನಿಕರನ್ನು ಕಟ್ಟಿಕೊಂಡು ಹೋದ. ಬ್ಯಾಬಿಲೋನಿನ ಹತ್ತಿರ ಅವನೇ ಸತ್ತ. ಸೈನಿಕರು ಅರ್ಮೇನಿಯದ ಹಿಮದಲ್ಲಿ ನಡೆದು ಕಪ್ಪು ಸಮುದ್ರ ತಲುಪಬೇಕಾಯಿತು. ಕ್ಸೆನೊಫನ್ ಆ ನಾಯಕರಲ್ಲಿ ಒಬ್ಬ. ಸಮುದ್ರ ಕಂಡು ಎಲ್ಲರೂ ಕೂಗಿದ್ದು ಪ್ರಸಿದ್ಧ. ನಾನು ಹೇಳುವುದು ಅದಲ್ಲ. ಆಪತ್ತು ಕಳೆದ ಮೇಲೆ, ನಮ್ಮನ್ನು ಹೊಡೆದ ಅಂತ ಕೆಲವರು ಕ್ಸೆನೊಫನ್ ಮೇಲೆ ದೂರು ತಂದರು. ಅದರಲ್ಲಿ ಒಬ್ಬ ಹೇಸರಗತ್ತೆ ಹೊಡೆಯುತ್ತಿದ್ದವನು. ಕ್ಸೆನೊಫನ್‌ಗೆ ಗುರುತು ಸಿಕ್ಕಿತು. ಹಿಮದ ದಾರಿಯಲ್ಲಿ ಒಬ್ಬ ರೋಗಿಯನ್ನು ಇವನ ಕತ್ತೆಯ ಮೇಲೆ ಹೇರಿಸಿದ್ದ. ಸ್ವಲ್ಪ ಹೊತ್ತಿಗೆ ಬಂದು ನೋಡಿದರೆ ಇವನು ಗುಂಡಿ ತೋಡುತ್ತಿದ್ದಾನೆ. ಹೂಳಲು ಹೊರಟಿದ್ದಾನೆ. ಆಗ ಮಲಗಿದ್ದವನು ಕಾಲು ಮಡಚಿದ. ಬದುಕಿದ್ದಾನೆ ಅಂತ ಸುತ್ತ ಇದ್ದವರು ಕೂಗಿದರು. ಕತ್ತೆಯವನು ಹೇಳಿದ: ಎಷ್ಟು ಬೇಕಾದರೂ ಬದುಕಲಿ, ನಾನಂತೂ ಹೊರುವುದಿಲ್ಲ. ಆಗ ಹೊಡೆದೆ ಅಂದ ಕ್ಸೆನೊಫನ್. ಅವನು ಆಮೇಲೆ ಸಾಯಲಿಲ್ಲವೇ ಅಂತ ಕತ್ತೆಯವನು ಕೇಳಿದ. ನಾವೆಲ್ಲರೂ ಸಾಯುವವರೇ, ಅದಕ್ಕೆ ಈಗಲೇ ಹೂಳಬೇಕಾ ಅಂತ ಉತ್ತರ. ಹೊಡೆದದ್ದು ಕಡಿಮೆಯಾಯಿತು ಅಂತ ಸೈನಿಕರು ಕೂಗಿದರಂತೆ. ಬರೆದವನು ಕ್ಸೆನೊಫನ್, ಗೆದ್ದವನೂ ಅವನೇ. ಇದೇ ಪ್ರಸಂಗವನ್ನು ಕತ್ತೆಯವನ ಬಾಯಲ್ಲಿ ಬರೆಯಿರಿ. ಹಿಮ, ಹಿಂದೆ ಶತ್ರು, ಕಾಲಿನ ಚರ್ಮದ ಪಟ್ಟಿ ಹೆಪ್ಪುಗಟ್ಟಿ ಮಾಂಸಕ್ಕೆ ಕಚ್ಚಿದೆ, ಬೆನ್ನಿನ ಸಾಮಾನು ಇಳಿಸಿ ಹೆಣದಂಥವನನ್ನು ಹೇರಿದ್ದಾರೆ. ಅವನು ಒಳ್ಳೆಯವನಾಗಬೇಕಿಲ್ಲ. ಅವನ ಮಾತು ಕೇಳಿಸಿದರೆ ಸಾಕು.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಯುವಕ ಕೇಳಿದರು: “ಸಾರ್, ಹೆಲಟರು ಒಂದಕ್ಷರ ಬರೆದಿಟ್ಟಿಲ್ಲ ಅಂತೀರಿ. ಮತ್ತೆ ಅವನ ಬಾಯಲ್ಲಿ ಯಾವ ಮಾತು ಹಾಕೋದು?”

ಒಳ್ಳೆಯ ಪ್ರಶ್ನೆ. ಪ್ಲುಟಾರ್ಕ್ ಒಂದೇ ಒಂದು ಮಾತು ಉಳಿಸಿಕೊಟ್ಟಿದ್ದಾನೆ. ಥೀಬ್ಸ್ ಎಂಬ ಇನ್ನೊಂದು ಗ್ರೀಕ್ ನಗರದವರು ಲಕೋನಿಯಕ್ಕೆ ನುಗ್ಗಿದಾಗ ಕೆಲವು ಹೆಲಟರು ಸೆರೆ ಸಿಕ್ಕರು. ಸ್ಪಾರ್ಟಾದ ಕವಿಗಳ ಹಾಡು ಹಾಡಿ ಅಂತ ಥೀಬ್ಸಿನವರು ಹೇಳಿದರು. ಹೆಲಟರು ಹಾಡಲಿಲ್ಲ. ನಮ್ಮ ಒಡೆಯರಿಗೆ ಇದು ಹಿಡಿಸುವುದಿಲ್ಲ ಅಂದರು. ಒಡೆಯರು ಅಲ್ಲಿಲ್ಲ, ಸೋತಿದ್ದಾರೆ. ಇದು ಮೈಗೂಡಿದ ಹೆದರಿಕೆಯಾ? ಹೊಸ ಯಜಮಾನರ ಮುಂದೆ ಆಡಿದ ಕೊಂಕಾ? ಅಥವಾ, ನಿಮಗಾಗಿ ಯಾಕೆ ಹಾಡಬೇಕು ಅನ್ನುವುದನ್ನು ಮರ್ಯಾದೆಯಾಗಿ ಹೇಳಿದ್ದಾ? ನಾನಾದರೆ ಕೊಂಕು ಅಂತ ಬರೆಯುತ್ತೇನೆ. ನೀವು ಹೆದರಿಕೆ ಅಂತ ಬರೆದರೂ ಸರಿಯೇ. ಆದರೆ ಯಾವುದೋ ಒಂದನ್ನು ಹಿಡಿಯಿರಿ, ಪಾತ್ರದ ದನಿ ಅಲ್ಲಿಂದ ಹುಟ್ಟುತ್ತದೆ. ಇನ್ನೊಂದು, ಅವನಿಗೆ ಇವತ್ತಿನ ಭಾಷಣ ಕೊಡಬೇಡಿ. ಸ್ವಾತಂತ್ರ್ಯದ ಬಗ್ಗೆ ಮೂರು ಪುಟ ಮಾತಾಡುವ ಹೆಲಟನನ್ನು ನಾನು ನಂಬುವುದಿಲ್ಲ. ಅರ್ಧ ಬಾರ್ಲಿ ಕೊಟ್ಟ ಮೇಲೆ ಚಳಿಗಾಲಕ್ಕೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುವವನನ್ನು ನಂಬುತ್ತೇನೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಮಹಿಳೆ ಕೇಳಿದರು: “ಅದಿರಲಿ, ಆ ಓಡಿದ ಹುಡುಗ ಎಲ್ಲಿಗೆ ಹೋದ? ಅದನ್ನ ಹೇಳಿ ಮೊದಲು.”

ಇತಿಹಾಸ ಹೇಳುವುದಿಲ್ಲ ಅಮ್ಮಾ, ನಾನು ಹೇಳುತ್ತೇನೆ. ಅವನು ಮೆಸ್ಸೀನಿಯದವನು ಅಂತಿಟ್ಟುಕೊಳ್ಳೋಣ. 480ರಲ್ಲಿ ಅವನಿಗೆ ಇಪ್ಪತ್ತು ವರ್ಷ. ಹೇಗೋ ಬೆಟ್ಟ ದಾಟಿ ಊರು ಸೇರಿಕೊಂಡ. 464ರ ಸುಮಾರಿಗೆ ಸ್ಪಾರ್ಟಾದಲ್ಲಿ ಭಾರಿ ಭೂಕಂಪ. ಹೆಲಟರು ದಂಗೆ ಎದ್ದರು. ಇದು ಇತಿಹಾಸ. ಮೆಸ್ಸೀನಿಯದ ಇಥೋಮೆ ಬೆಟ್ಟ ಹತ್ತಿ ವರ್ಷಗಟ್ಟಲೆ ಜಗ್ಗಲಿಲ್ಲ. ಗೋಡೆ ಹತ್ತಿ ಹಿಡಿಯುವ ಕೆಲಸ ಸ್ಪಾರ್ಟಾದವರಿಗೆ ಬರುತ್ತಿರಲಿಲ್ಲ, ಅಥೆನ್ಸಿನ ಸಹಾಯ ಕೇಳಿದರು. ಅವರು ಬಂದ ಮೇಲೆ ಅವರ ಮೇಲೂ ಅನುಮಾನಪಟ್ಟು ವಾಪಸ್ ಕಳಿಸಿದರು. ಕೊನೆಗೆ ಒಪ್ಪಂದವಾಯಿತು. ಹೆಂಡತಿ ಮಕ್ಕಳ ಜೊತೆ ಪೆಲೊಪೊನೀಸ್, ಅಂದರೆ ಗ್ರೀಸಿನ ದಕ್ಷಿಣ ಭಾಗವನ್ನೇ ಬಿಟ್ಟು ಹೋಗಬೇಕು, ಮತ್ತೆ ಕಾಲಿಟ್ಟರೆ ಹಿಡಿದವನ ಗುಲಾಮ. ಅಥೆನ್ಸಿನವರು ಅವರನ್ನು ಕೊರಿಂತ್ ಕೊಲ್ಲಿಯ ಆಚೆ ದಡದ ನೌಪಾಕ್ಟಸ್‌ನಲ್ಲಿ ನೆಲೆ ನಿಲ್ಲಿಸಿದರು. ನಮ್ಮ ಹುಡುಗ ಅಷ್ಟು ಹೊತ್ತಿಗೆ ನಡುವಯಸ್ಸಿನವನು, ಮಕ್ಕಳೊಂದಿಗ. ಹೊಸ ಊರಲ್ಲಿ ಮೊಮ್ಮಕ್ಕಳಾದವು.

ಈಗ ಪೈಲೋಸ್, ಮೆಸ್ಸೀನಿಯದ ಕಡಲ ದಡದ ಜಾಗ. ಅಷ್ಟು ಹೊತ್ತಿಗೆ ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿತ್ತು. ಕ್ರಿ.ಪೂ. 425. ಸ್ಪಾರ್ಟಾದ 420 ಜನ ಪೈಲೋಸ್ ಎದುರಿನ ಸ್ಫ್ಯಾಕ್ಟೀರಿಯ ದ್ವೀಪದಲ್ಲಿ ಸಿಕ್ಕಿಬಿದ್ದರು, ಸುತ್ತ ಅಥೆನ್ಸಿನ ಹಡಗುಗಳು. ಕದನವಿರಾಮದ ದಿನಗಳಲ್ಲಿ ಅವರಿಗೆ ಹೋಗುತ್ತಿದ್ದ ಪಡಿಯ ಲೆಕ್ಕ ಕೂಡ ಉಳಿದಿದೆ. ಸ್ಪಾರ್ಟಾದವನಿಗೆ ಎರಡು ಅಳತೆ ಬಾರ್ಲಿ ಹಿಟ್ಟು, ಎರಡು ಅಳತೆ ವೈನ್, ಒಂದು ತುಂಡು ಮಾಂಸ. ಆಳಿಗೆ ಅದರಲ್ಲಿ ಅರ್ಧ. ವಿರಾಮ ಮುರಿದ ಮೇಲೆ, ಆಹಾರ ಮುಟ್ಟಿಸಿದ ಹೆಲಟನಿಗೆ ಬಿಡುಗಡೆ ಅಂತ ಸ್ಪಾರ್ಟಾ ಸಾರಿತು. ಜೇನಲ್ಲಿ ಕಲಸಿದ ಗಸಗಸೆ, ಕುಟ್ಟಿದ ಅಗಸೆಬೀಜ ತುಂಬಿದ ತೊಗಲ ಚೀಲವನ್ನು ಹಗ್ಗದಿಂದ ಎಳೆದುಕೊಂಡು ನೀರೊಳಗೆ ಈಜಿ ಹೋದವರಿದ್ದರು. ಆ 2000 ಜನರ ಕಥೆ ಇವರಲ್ಲಿ ಯಾರಿಗಾದರೂ ಗೊತ್ತಿತ್ತೋ, ಆಗ ಅದು ಇನ್ನೂ ನಡೆದೇ ಇರಲಿಲ್ಲವೋ, ಅದನ್ನು ನೀವು ತೀರ್ಮಾನ ಮಾಡಬೇಕು. ಆ ಘಟನೆಗೆ ಥುಸಿಡಿಡೀಸ್ ಇಸವಿ ಕೊಟ್ಟಿಲ್ಲ.

ಕೊನೆಯ ದಿನ ಸ್ಪಾರ್ಟಾದವರು ದ್ವೀಪದ ತುದಿಯ ಹಳೇ ಕೋಟೆಯಲ್ಲಿ ಬೆನ್ನು ಕೊಟ್ಟು ನಿಂತಿದ್ದರು. ಎದುರಿನಿಂದ ಹೊಡೆದು ಅಥೆನ್ಸಿನವರಿಗೆ ಸಾಕಾಗಿತ್ತು. ಆಗ ನೌಪಾಕ್ಟಸ್‌ನಿಂದ ಬಂದಿದ್ದ ಮೆಸ್ಸೀನಿಯದವರ ನಾಯಕ, ಸ್ವಲ್ಪ ಬಿಲ್ಲುಗಾರರನ್ನು ಕೊಡಿ, ಹಿಂದಿನಿಂದ ದಾರಿ ಹುಡುಕುತ್ತೇನೆ ಅಂದ. ಕಡಿದಾದ ಬಂಡೆಯ ಅಂಚು ಹಿಡಿದು ಯಾರ ಕಣ್ಣಿಗೂ ಬೀಳದೆ ಹತ್ತಿ ಸ್ಪಾರ್ಟಾದವರ ಬೆನ್ನ ಹಿಂದೆ ಪ್ರತ್ಯಕ್ಷನಾದ. ಇದು ಥರ್ಮೋಪಿಲೆಯ ಹಾಗೇ ಆಯಿತು ಅಂತ ಥುಸಿಡಿಡೀಸನೇ ಬರೆದಿದ್ದಾನೆ, ನನ್ನ ಹೋಲಿಕೆಯಲ್ಲ. ಆದರೆ ಈ ಸಲ ಸ್ಪಾರ್ಟಾದವರು ಕೊನೆಯವನವರೆಗೂ ಕಾದಲಿಲ್ಲ. 292 ಜನ ಶರಣಾದರು. ಗ್ರೀಸ್ ದಂಗಾಯಿತು. ಅಥೆನ್ಸಿನಲ್ಲಿ ಸಿಕ್ಕ ಆ ಗುರಾಣಿ ಬಂದದ್ದು ಈ ಗೆಲುವಿನಿಂದಲೇ. ಆ ನಾಯಕನ ಹೆಸರನ್ನು ಥುಸಿಡಿಡೀಸ್ ಬರೆದಿಲ್ಲ. ಐದಾರು ನೂರು ವರ್ಷದ ಮೇಲೆ ಪ್ರವಾಸಿ ಪೌಸೇನಿಯಸ್ ಕೋಮೋನ್ ಅಂತ ಹೇಳುತ್ತಾನೆ. ಬಿಲ್ಲುಗಾರರ ಜೊತೆ ಹತ್ತಿದವರಲ್ಲಿ ಒಬ್ಬನನ್ನು ನಮ್ಮವನ ಮೊಮ್ಮಗ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

“ಅಲ್ಲಿಗೆ ಕಥೆ ಮುಗಿಯಿತಾ?” ಅಂದರು ಅವರು.

ಇಲ್ಲ. ನಾಲ್ಕೇ ವರ್ಷಕ್ಕೆ, 421ರಲ್ಲಿ, ಅಥೆನ್ಸ್ ಮತ್ತು ಸ್ಪಾರ್ಟಾ ರಾಜಿಯಾದವು. ಗುಲಾಮರು ದಂಗೆ ಎದ್ದರೆ ಅಥೆನ್ಸಿನವರು ಸ್ಪಾರ್ಟಾಕ್ಕೆ ಸಹಾಯ ಮಾಡಬೇಕು ಅಂತ ಕರಾರಿನಲ್ಲೇ ಬರೆಸಿಕೊಂಡರು. ಪೈಲೋಸ್‌ನಲ್ಲಿದ್ದ ಮೆಸ್ಸೀನಿಯದವರನ್ನೂ ಓಡಿ ಬಂದಿದ್ದ ಹೆಲಟರನ್ನೂ ಅಥೆನ್ಸಿನವರು ಕೆಫಲೋನಿಯ ದ್ವೀಪಕ್ಕೆ ಸಾಗಹಾಕಿದರು. ಮೆಸ್ಸೀನಿಯಕ್ಕೆ ಬಿಡುಗಡೆ ಸಿಕ್ಕಿದ್ದು 369ರ ಹೊತ್ತಿಗೆ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸಿನ ಎಪಮಿನಾಂಡಸ್ ಸ್ಪಾರ್ಟಾವನ್ನು ಮುರಿದ ಮೇಲೆ. ಅಲ್ಲಿದ್ದ 700 ಅಸಲಿ ಸ್ಪಾರ್ಟಾದವರಲ್ಲಿ 400 ಜನ ಸತ್ತಿದ್ದರು. ಇಥೋಮೆಯ ತಪ್ಪಲಲ್ಲಿ ಮೆಸ್ಸೀನ್ ಎಂಬ ಹೊಸ ಊರು ಎದ್ದಿತು, ಅದರ ಕೋಟೆಗೋಡೆ ಇವತ್ತಿಗೂ ನಿಂತಿದೆ. ಅಲ್ಲಿಯವರೆಗೂ ಬರೆಯುವ ಮನಸ್ಸಿದ್ದರೆ ಒಂದು ಸಂಪುಟ ಸಾಲುವುದಿಲ್ಲ. ಪ್ರಕಾಶಕರನ್ನು ಮೊದಲೇ ಒಪ್ಪಿಸಿಕೊಳ್ಳಿ.